‘ಮೈ ಫಾದರ್ ಗೋ’ ಅಂದ ಮಗಳು ಶಾಲೆ ಬಿಡಬೇಕೇ?

ಒಂದು ದಿನ ಬೆಳಗ್ಗೆ ಮದ್ರಸ ಬಿಟ್ಟ ಮೇಲೆ ಒಬ್ಬ ಉಮ್ಮ ಬಂದು ಬಾಗಿಲ ಬಳಿ ನಿಂತರು. ‘ಉಸ್ತಾದರೇ, ಮಗಳು ಇನ್ನು ಶಾಲೆಗೆ ಹೋಗಲ್ಲ ಅಂತಾಳೆ. ಹೋಗದಿದ್ದರೆ ಬೇಡ, ಮನೆಯಲ್ಲೇ ಇರಲಿ ಅಂತ ಅವಳ ಉಪ್ಪ ಹೇಳ್ತಾರೆ. ನೀವೊಂದು ಮಾತು ಹೇಳಿ’ ಅಂದರು. ಹುಡುಗಿ 5ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ 6ಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವಳು. ನಮ್ಮ ಮದ್ರಸದಲ್ಲಿ ಪಾಠ ಒಪ್ಪಿಸುವುದರಲ್ಲಿ ಯಾವಾಗಲೂ ಮುಂದೆ.

ಆದದ್ದು ಇಷ್ಟೇ. ತರಗತಿಯಲ್ಲಿ ಎದ್ದು ನಿಂತು ಮನೆಯವರ ಬಗ್ಗೆ ನಾಲ್ಕು ವಾಕ್ಯ ಹೇಳು ಅಂದಿದ್ದಾರೆ. ಇವಳು ‘ಮೈ ಫಾದರ್ ಗೋ ಟು ಶಾಪ್, ಹಿ ಈಸ್ ಸೆಲ್ ಕ್ಲೋತ್ಸ್’ ಅಂದಿದ್ದಾಳೆ. ತರಗತಿ ಪೂರ್ತಿ ನಕ್ಕಿತು. ಮಾರನೇ ದಿನ ಹೊಟ್ಟೆನೋವು, ಅದರ ಮಾರನೇ ದಿನ ತಲೆನೋವು. ಮೂರನೇ ದಿನ, ಹೋಗುವುದೇ ಇಲ್ಲ ಎಂಬ ಹಟ.

ಈ ಹುಡುಗಿ ಒಬ್ಬಳೇ ಆಗಿದ್ದರೆ ಈ ಪುಟದಲ್ಲಿ ನಾವು ಬರೆಯುತ್ತಿರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ನಮ್ಮ ಮನೆಗಳಲ್ಲಿ, ಕರಾವಳಿಯಲ್ಲೂ, ಇಂಥ ಮಕ್ಕಳಿದ್ದಾರೆ. ಬುದ್ಧಿ ಕಡಿಮೆ ಇರುವ ಮಕ್ಕಳಲ್ಲ ಇವರು. ಒಂದು ವಾಕ್ಯ ತಪ್ಪಿ, ನಾಲ್ಕು ಜನ ನಕ್ಕಿದ್ದಕ್ಕೆ ಬಾಯಿ ಮುಚ್ಚಿದವರು. ಹುಡುಗನಾದರೆ ಎಸ್ಸೆಸ್ಸೆಲ್ಸಿಗೆ ಬಿಟ್ಟು ಅಂಗಡಿಯಲ್ಲೋ ಹೋಟೆಲಿನಲ್ಲೋ ನಿಲ್ಲುತ್ತಾನೆ, ಹುಡುಗಿಯಾದರೆ ಮನೆಯಲ್ಲಿ ಕೂರುತ್ತಾಳೆ. ‘ಅವಳಿಗೆ ಇಂಗ್ಲಿಷ್ ತಲೆಗೆ ಹತ್ತಲ್ಲ’ ಎಂದು ನಾವು ದೊಡ್ಡವರು ಷರಾ ಬರೆದುಬಿಡುತ್ತೇವೆ.

ಹುಡುಗಿ ತಪ್ಪಿದ್ದೆಲ್ಲಿ ಎಂದು ನೋಡಿದರೆ ನಮಗೇ ಆಶ್ಚರ್ಯವಾಗುತ್ತದೆ. ತಪ್ಪಿದ್ದು ಇಂಗ್ಲಿಷಿನ ಮೊಟ್ಟಮೊದಲ ಮೆಟ್ಟಿಲಿನಲ್ಲಿ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಸಿಂಪಲ್ ಪ್ರೆಸೆಂಟ್ ಟೆನ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಸಾಮಾನ್ಯ ವರ್ತಮಾನ ಕಾಲ. ದಿನಾ ಮಾಡುವ ಕೆಲಸ, ಯಾವಾಗಲೂ ನಿಜವಾದ ಸಂಗತಿ, ನಮ್ಮ ಇಷ್ಟಾನಿಷ್ಟ, ಬಸ್ಸು ರೈಲಿನ ಹೊತ್ತು ಇವನ್ನೆಲ್ಲ ಹೇಳುವುದು ಈ ಕಾಲದಲ್ಲೇ. ಸುಬಹಿಗೆ ಏಳುತ್ತೇನೆ, ಮದ್ರಸಕ್ಕೆ ಹೋಗುತ್ತೇನೆ, ಉಮ್ಮ ಪತ್ತಿರ್ ಮಾಡುತ್ತಾರೆ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಗುಂಡ್ಲುಪೇಟೆಯ ರೈತರು ಚೆಂಡುಹೂ ಬೆಳೆಯುತ್ತಾರೆ. ಒಂದು ಮನೆಯ ಒಂದು ದಿನವನ್ನು ಪೂರ್ತಿ ಹೇಳಲು ಇದೊಂದೇ ಕಾಲ ಸಾಕು.

ಇದರಲ್ಲಿ ಕಷ್ಟ ಏನಿದೆ? ಕನ್ನಡದಲ್ಲಿ ಕ್ರಿಯಾಪದದ ಕೊನೆ ಎಷ್ಟು ಸಲ ಬದಲಾಗುತ್ತದೆ ಎಣಿಸಿ ನೋಡಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತವೆ, ಹೋಗುತ್ತಾರೆ. ಒಂಬತ್ತು ರೂಪ! ಮೂರು ವರ್ಷದ ಮಗುವೂ ಇದನ್ನು ತಪ್ಪದೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಎರಡೇ. ಐ, ಯೂ, ವಿ, ದೇ ಇವಕ್ಕೆಲ್ಲ ‘ಗೋ’. ಹಿ, ಶಿ, ಇಟ್ ಈ ಮೂರಕ್ಕೆ ‘ಗೋಸ್’. ವ್ಯತ್ಯಾಸ ಕೊನೆಯ ಒಂದು ‘ಎಸ್’ ಮಾತ್ರ.

ನಮ್ಮ ದರ್ಸಿನ ಮಕ್ಕಳನ್ನು ನೋಡಿ. ಸರ್ಫ್ ಕಲಿಯುವಾಗ ಮುಳಾರಿಅ್‌ನ 14 ರೂಪಗಳನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ. ‘ಯಕ್ತುಬು’ ಅಂದರೆ ಅವನು ಬರೆಯುತ್ತಾನೆ, ‘ತಕ್ತುಬು’ ಅಂದರೆ ಅವಳು ಬರೆಯುತ್ತಾಳೆ, ‘ಅಕ್ತುಬು’ ಅಂದರೆ ನಾನು ಬರೆಯುತ್ತೇನೆ, ‘ನಕ್ತುಬು’ ಅಂದರೆ ನಾವು ಬರೆಯುತ್ತೇವೆ. ಅರಬಿಯಲ್ಲಿ ಯಾರು ಎಂಬುದರ ಗುರುತು ಪದದ ಮುಂದೆ ಬರುತ್ತದೆ, ಕೆಲವು ರೂಪಗಳಲ್ಲಿ ಹಿಂದೆಯೂ ಬರುತ್ತದೆ. ಇಂಗ್ಲಿಷಿನಲ್ಲಿ ಅವನು, ಅವಳು, ಅದು ಎಂಬ ಮೂವರಿಗೆ ಮಾತ್ರ ಹಿಂದೆ ಒಂದು ‘ಎಸ್’ ಬರುತ್ತದೆ. 14 ರೂಪ ಬಾಯಿಪಾಠ ಮಾಡಿದ ಮಗುವಿಗೆ ಎರಡು ರೂಪ ಬರುವುದಿಲ್ಲ ಅಂದರೆ ನಂಬಬಹುದೇ? ಬರುತ್ತದೆ. ಆದರೆ ಇದು ಅದೇ ತರಹದ ಪಾಠ, ನಿನಗೆ ಆಗಲೇ ಅರ್ಧ ಗೊತ್ತಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಹೇಳಬೇಕಾದವರು ಉಸ್ತಾದರಾದ ನಾವು. ಇಂಗ್ಲಿಷ್ ಶಾಲೆಯ ವಿಷಯ, ನಮ್ಮದಲ್ಲ ಎಂದು ಬೇಲಿ ಹಾಕಿಕೊಂಡು ಕುಳಿತ ತಪ್ಪು ನಮ್ಮದು.

ಹುಡುಗಿಯ ಮೊದಲ ತಪ್ಪನ್ನು ಈಗ ನೋಡೋಣ. ‘ಮೈ ಫಾದರ್ ಗೋ’ ಎಂದು ಯಾಕೆ ಹೇಳಿದಳು? ಕೂರಿಸಿ ಕೇಳಿದೆವು. ‘ಹಿ ಅಂದರೆ ಗೋಸ್ ಅಂತ ಗೊತ್ತು ಉಸ್ತಾದರೇ. ಆದ್ರೆ ಉಪ್ಪನಿಗೆ ಹೋಗ್ತಾರೆ ಅಂತ ಅಲ್ವಾ ಹೇಳೋದು?’ ಎಂದಳು. ನೋಡಿ, ಅವಳು ತಪ್ಪಿದ್ದು ಮರ್ಯಾದೆಯಿಂದ! ಕನ್ನಡದಲ್ಲಿ ಉಪ್ಪನಿಗೆ, ಉಮ್ಮನಿಗೆ, ಉಸ್ತಾದರಿಗೆ ಬಹುವಚನ ಹಾಕಿ ಮಾತಾಡುತ್ತೇವೆ. ಒಬ್ಬರೇ ಆದರೂ ‘ಅವರು ಹೋಗುತ್ತಾರೆ’. ‘ಹೋಗುತ್ತಾರೆ’ ಅಂದರೆ ‘ಗೋ’ ಎಂದು ಮಗುವಿನ ತಲೆಯಲ್ಲಿ ಕೂತಿದೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಈ ಮರ್ಯಾದೆಯ ಬಹುವಚನ ಇಲ್ಲ. ಒಬ್ಬರು ಅಂದರೆ ಒಬ್ಬರೇ. ‘ಮೈ ಫಾದರ್ ಗೋಸ್’, ‘ಮೈ ಮದರ್ ಕುಕ್ಸ್’, ‘ಅವರ್ ಉಸ್ತಾದ್ ಟೀಚಸ್’. ಇದರಿಂದ ಯಾರ ಮರ್ಯಾದೆಯೂ ಕಡಿಮೆಯಾಗಲ್ಲ. ಇದೊಂದು ಮಾತು ತಿಳಿಸಿದ್ದಕ್ಕೆ ಆ ಹುಡುಗಿಯ ಮುಖ ಅರಳಿತು.

ಎರಡನೇ ತಪ್ಪು ‘ಹಿ ಈಸ್ ಸೆಲ್’. ಇದಕ್ಕೂ ಕಾರಣ ಇದೆ. ಕನ್ನಡದಲ್ಲಿ ‘ನಾನು ವಿದ್ಯಾರ್ಥಿ’ ಅಂದರೆ ವಾಕ್ಯ ಮುಗಿಯಿತು. ಅರಬಿಯಲ್ಲೂ ಹಾಗೇ, ನಡುವೆ ಏನೂ ಬೇಡ. ಇಂಗ್ಲಿಷಿನಲ್ಲಿ ಮಾತ್ರ ‘ಐ ಆಮ್ ಎ ಸ್ಟೂಡೆಂಟ್’ ಎಂದು ನಡುವೆ ‘ಆಮ್’ ಬೇಕು. ಮಗು ಇದನ್ನು ಮರೆತಾಗ ಶಾಲೆಯಲ್ಲಿ ತಿದ್ದುತ್ತಾರೆ. ತಿದ್ದಿಸಿಕೊಂಡ ಮಗು ಹೆದರಿ ಕಂಡಕಂಡಲ್ಲೆಲ್ಲ ‘ಆಮ್’, ‘ಈಸ್’ ಸೇರಿಸುತ್ತದೆ. ‘ಐ ಆಮ್ ಗೋ’, ‘ಶಿ ಈಸ್ ಕುಕ್’ ಹುಟ್ಟುವುದು ಹೀಗೆ. ನಮ್ಮ ನೆರೆಯ ಉರ್ದು ಮನೆಗಳ ಮಕ್ಕಳಿಗೆ ಇನ್ನೂ ಒಂದು ಸೆಳೆತ ಇದೆ. ‘ಜಾತಾ ಹೈ’ ಎಂಬಲ್ಲಿನ ‘ಹೈ’ಯನ್ನು ‘ಈಸ್’ ಎಂದು ತಿಳಿದು ‘ಹಿ ಈಸ್ ಗೋ’ ಅನ್ನುತ್ತಾರೆ.

ಇದಕ್ಕೆ ಮಕ್ಕಳಿಗೆ ಹೇಳಬೇಕಾದ ಸೂತ್ರ ಸಣ್ಣದು. ನೀನು ಯಾರು, ಹೇಗಿದ್ದೀ, ಎಲ್ಲಿದ್ದೀ ಎಂದು ಹೇಳುವಾಗ ‘ಆಮ್, ಈಸ್, ಆರ್’. ನೀನು ದಿನಾ ಏನು ಮಾಡುತ್ತೀ ಎಂದು ಹೇಳುವಾಗ ಬರೀ ಕೆಲಸದ ಪದ. ಎರಡನ್ನೂ ಒಂದೇ ಸೀಟಿನಲ್ಲಿ ಕೂರಿಸಬಾರದು. ‘ಐ ಆಮ್ ಹಂಗ್ರಿ’ ಸರಿ, ‘ಐ ಈಟ್ ರೈಸ್’ ಸರಿ, ‘ಐ ಆಮ್ ಈಟ್’ ತಪ್ಪು.

ಹಾಗಾದರೆ ‘ಐ ಆಮ್ ಈಟಿಂಗ್’? ಅದು ಸರಿ, ಆದರೆ ಬೇರೆ ಮಾತು. ಈಗ, ಈ ಹೊತ್ತಿನಲ್ಲಿ ಊಟ ಮಾಡುತ್ತಿದ್ದೇನೆ ಎಂದರ್ಥ. ‘ಮಾಡುತ್ತೇನೆ’ ಬೇರೆ, ‘ಮಾಡುತ್ತಿದ್ದೇನೆ’ ಬೇರೆ ಎಂಬುದು ನಮ್ಮ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ‘ಜಾತಾ ಹೈ’ ಬೇರೆ, ‘ಜಾ ರಹಾ ಹೈ’ ಬೇರೆ. ಆದರೂ ಇಂಗ್ಲಿಷ್ ಮಾತಾಡುವಾಗ ದೊಡ್ಡವರೇ ಎಲ್ಲದಕ್ಕೂ ‘ಇಂಗ್’ ಅಂಟಿಸುತ್ತೇವೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಗುಂಡ್ಲುಪೇಟೆಯದೇ ಒಂದು ಪ್ರಸಂಗ ಹೇಳಬೇಕು. ಇಲ್ಲಿಂದ ಒಂದು ರಸ್ತೆ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಕಾಡಿನ ಮೂಲಕವೇ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ವನ್ಯಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಈ ಕಾಡುರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಊಟಿ ರಸ್ತೆ ಬದಿಯ ನಮ್ಮವರ ಚಹಾ ಅಂಗಡಿಗೆ ಸಂಜೆ 5 ಗಂಟೆಗೆ ಉತ್ತರ ಭಾರತದ ಕಡೆಯವರ ಕಾರೊಂದು ಬಂತು. ನಾಲ್ಕು ಚಹಾ ಹೇಳಿ, ಗೇಟು ಯಾವಾಗ ಹಾಕುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಂಗಡಿಯ ಹುಡುಗ ಧೈರ್ಯವಾಗಿ ‘ಗೇಟ್ ಈಸ್ ಕ್ಲೋಸಿಂಗ್ ಸರ್’ ಅಂದ. ಗೇಟು ಈಗಲೇ ಮುಚ್ಚುತ್ತಿದೆ ಎಂದು ತಿಳಿದು ಅವರು ಚಹಾ ಕುಡಿಯದೇ ಓಡಿದರು! ‘ದ ಗೇಟ್ ಕ್ಲೋಸಸ್ ಅಟ್ ನೈನ್’ ಎಂದಿದ್ದರೆ ಕೂತು ಚಹಾ ಕುಡಿದು, ಬನ್ನೂ ತಿಂದು ಹೋಗುತ್ತಿದ್ದರು. ಗೇಟಿನ ಹೊತ್ತು, ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲಿನ ಹೊತ್ತು, ಬ್ಯಾಂಕ್ ತೆರೆಯುವ ಹೊತ್ತು ಎಲ್ಲವೂ ದಿನಾ ನಡೆಯುವ ಕ್ರಮ. ಅವನ್ನು ಹೇಳುವುದು ಸಾಮಾನ್ಯ ವರ್ತಮಾನದಲ್ಲಿ.

ಹಾಗೆಯೇ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನಾಟ್ ನೋಯಿಂಗ್’ ಎಂಬ ಮಾತುಗಳನ್ನೂ ಬಿಡಬೇಕು. ಇರುವುದು, ಗೊತ್ತಿರುವುದು, ಬೇಕಾಗಿರುವುದು, ಇಷ್ಟವಾಗುವುದು ಇವು ಸ್ಥಿತಿಗಳು. ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಡೋಂಟ್ ನೋ’ ಎಂದರೆ ಸಾಕು. ಹಿ, ಶಿ ಬಂದಾಗ ‘ಹ್ಯಾವ್’ ಎಂಬುದು ‘ಹ್ಯಾಸ್’ ಆಗುತ್ತದೆ.

ಇನ್ನು ಇಲ್ಲ ಎನ್ನುವುದು ಮತ್ತು ಪ್ರಶ್ನೆ ಕೇಳುವುದು. ಕನ್ನಡದಲ್ಲಿ ‘ಹೋಗ್ತೀಯಾ?’ ಎಂದು ಕೊನೆ ಎಳೆದರೆ ಪ್ರಶ್ನೆ ಆಯಿತು. ಇಂಗ್ಲಿಷಿನಲ್ಲಿ ಮುಂದೆ ಒಬ್ಬ ಸಹಾಯಕ ಬೇಕು. ಐ, ಯೂ, ವಿ, ದೇ ಆದರೆ ‘ಡು’, ಹಿ, ಶಿ, ಇಟ್ ಆದರೆ ‘ಡಸ್’. ‘ಡು ಯೂ ಗೋ?’ ‘ಡಸ್ ಹಿ ಗೋ?’ ಇಲ್ಲ ಎನ್ನಲು ‘ಡೋಂಟ್’, ‘ಡಸಂಟ್’. ಇಲ್ಲಿ ಮಕ್ಕಳು ಒಂದು ಕಡೆ ಎಡವುತ್ತಾರೆ. ‘ಹಿ ಡಸಂಟ್ ಗೋಸ್’ ಎಂದು ಎರಡು ಸಲ ‘ಎಸ್’ ಹಾಕುತ್ತಾರೆ. ‘ಡಸ್’ ಎಂಬುದು ಆಗಲೇ ಆ ‘ಎಸ್’ ಅನ್ನು ಎತ್ತಿಕೊಂಡಿದೆ, ಒಂದು ವಾಕ್ಯಕ್ಕೆ ಒಂದೇ ಸಾಕು ಎಂದು ಹೇಳಿದರೆ ಮಗು ಮರೆಯಲ್ಲ.

ಬರೆಯುವಾಗ ಇನ್ನೊಂದಿಷ್ಟು ಗಮನ ಬೇಕು. ‘ಗೋ’, ‘ವಾಷ್’, ‘ಟೀಚ್’ ಇಂಥವಕ್ಕೆ ಬರೀ ‘ಎಸ್’ ಅಲ್ಲ, ‘ಇ ಎಸ್’ ಸೇರುತ್ತದೆ. ‘ಸ್ಟಡಿ’ಯ ಕೊನೆಯ ‘ವೈ’ ಹೋಗಿ ‘ಐ ಇ ಎಸ್’ ಬರುತ್ತದೆ. ‘ಪ್ಲೇ’ಯಲ್ಲಿ ‘ವೈ’ ಹಿಂದೆ ಸ್ವರ ಇರುವುದರಿಂದ ‘ವೈ’ ಹಾಗೇ ಉಳಿಯುತ್ತದೆ. ಇಷ್ಟೇ ವ್ಯಾಕರಣ. ಒಂದು ತಿಂಗಳ ಪಾಠ.

ಈ ಪಾಠವನ್ನು ಮನೆಯಲ್ಲೇ ಮಾಡಬಹುದು. ಮಗ್ರಿಬ್ ಆದ ಮೇಲೆ ಖುರ್‌ಆನ್ ಓದಿ ಮುಗಿಸಿ ದಿನಾ ಹತ್ತು ನಿಮಿಷ ಕೊಡಿ. ಮೊದಲ ವಾರ ಮಗು ತನ್ನ ದಿನವನ್ನು ‘ಐ’ ಮತ್ತು ‘ವಿ’ ಹಾಕಿ ಹೇಳಲಿ. ಸುಬಹಿಯಿಂದ ಇಶಾವರೆಗಿನ ಐದು ನಮಾಝಿನ ಹೊತ್ತೇ ಅದಕ್ಕೆ ಗಡಿಯಾರ. ಸುಬಹಿ ಆದ ಮೇಲೆ ಏನು, ಲುಹರ್ ಹೊತ್ತಿಗೆ ಎಲ್ಲಿ, ಅಸರ್ ಆದ ಮೇಲೆ ಯಾವ ಆಟ, ಒಂದೊಂದಕ್ಕೆ ಎರಡು ವಾಕ್ಯ. ಎರಡನೇ ವಾರ ಉಮ್ಮ, ಉಪ್ಪ, ತಮ್ಮ, ತಂಗಿ ಒಬ್ಬೊಬ್ಬರ ದಿನವನ್ನು ‘ಹಿ’, ‘ಶಿ’ ಹಾಕಿ ಹೇಳಲಿ, ‘ಎಸ್’ ಬಿಟ್ಟರೆ ಮತ್ತೆ ಹೇಳಿಸಿ. ಮೂರನೇ ವಾರ, ಮಾಡದ ಕೆಲಸಗಳು. ನಾಲ್ಕನೇ ವಾರ, ಪ್ರಶ್ನೆಗಳು. ಗಲ್ಫಿನಲ್ಲಿರುವ ಉಪ್ಪ ಫೋನ್ ಮಾಡಿದಾಗ ಮಗಳೇ ಕೇಳಲಿ, ‘ವಾಟ್ ಟೈಮ್ ಡು ಯೂ ಗೋ ಟು ವರ್ಕ್?’ ಉಪ್ಪನಿಗೂ ಅಭ್ಯಾಸ ಆಗುತ್ತದೆ.

ಉಮ್ಮನಿಗೆ ಇಂಗ್ಲಿಷ್ ಬರಲ್ಲ ಎಂದರೆ ಚಿಂತೆ ಬೇಡ. ಉಮ್ಮ ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಲಿ, ಮಗು ಇಂಗ್ಲಿಷಿನಲ್ಲಿ ಹೇಳಲಿ. ಕೇಳುವ ಕಿವಿ ಒಂದಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. ಷರತ್ತು ಒಂದೇ. ತಪ್ಪಿದರೆ ತಿದ್ದಿ, ನಗಬೇಡಿ. ಅಣ್ಣಂದಿರೂ ನಗಬಾರದು. ನಕ್ಕರೆ ಆ ಹತ್ತು ನಿಮಿಷವೂ ನಷ್ಟ, ಆ ಮಗುವೂ ನಷ್ಟ.

ಕೆಲವು ಹಿರಿಯರು ಕೇಳಬಹುದು, ಮದ್ರಸದ ಉಸ್ತಾದರಿಗೆ ಇಂಗ್ಲಿಷಿನ ಉಸಾಬರಿ ಯಾಕೆ ಎಂದು. ಪ್ರವಾದಿಯವರು (ಸ) ಝೈದ್ ಬಿನ್ ಸಾಬಿತ್‌ರಿಗೆ (ರ) ಯಹೂದಿಯರ ಬರಹವನ್ನು ಕಲಿಯಲು ಹೇಳಿದ್ದರು, ಅವರು ಅರ್ಧ ತಿಂಗಳೊಳಗೆ ಕಲಿತರು ಎಂದು ತಿರ್ಮಿದಿಯ ಹದೀಸಿನಲ್ಲಿದೆ. ನಮ್ಮ ಭಾಷೆಗಳು ಬೇರೆ ಬೇರೆಯಾಗಿರುವುದನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಸೂರಾ ರೂಮ್ ತಿಳಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಮಲಬಾರಿನ ನಮ್ಮವರು ಇಂಗ್ಲಿಷನ್ನು ದೂರ ಇಟ್ಟಿದ್ದಾಗ, ಮಕ್ತಿ ತಂಙಳ್ (1847–1912) ಮಲಯಾಳಂ ಕಲಿಯಿರಿ, ಇಂಗ್ಲಿಷ್ ಕಲಿಯಿರಿ ಎಂದು ಬರೆದರು. ತಮ್ಮವರಿಂದಲೇ ವಿರೋಧ ಎದುರಿಸಿದರು. 1875ರಲ್ಲಿ ಅಲಿಗಢದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ ಶಾಲೆ ತೆರೆದಾಗಲೂ ವಿರೋಧ ಇತ್ತು. ಆ ಇಬ್ಬರ ಮಾತಿನಿಂದ ದೀನ್‌ಗೆ ನಷ್ಟ ಆಗಲಿಲ್ಲ, ದೂರ ನಿಂತ ಮನೆಗಳಿಗೆ ನಷ್ಟ ಆಯಿತು.

‘ಬ್ಯಾರ’ ಎಂಬ ತುಳು ಪದಕ್ಕೆ ವ್ಯಾಪಾರ ಎಂದರ್ಥ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎನ್ನುತ್ತಾರೆ. ವ್ಯಾಪಾರಕ್ಕೆ ಹೋದ ಊರಿನ ಭಾಷೆ ಕಲಿಯುವುದು ನಮ್ಮ ಹಿರಿಯರಿಗೆ ಹೊಸತಲ್ಲ. ಮನೆಯಲ್ಲಿ ಬ್ಯಾರಿ, ಸಂತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಬೆಳೆದವರು ನಾವು. ಘಟ್ಟ ಹತ್ತಿ ಈ ಕಡೆ ಬಂದವರು ತಮಿಳು, ಮಲಯಾಳಂ, ಉರ್ದುವನ್ನೂ ಅಂಗಡಿ ಕಟ್ಟೆಯಲ್ಲೇ ಕಲಿತರು. ತಪ್ಪು ತಪ್ಪಾಗಿ ಮಾತಾಡಿಯೇ ಕಲಿತರು. ಆಗ ನಾಚದವರು ಇಂಗ್ಲಿಷಿಗೆ ಮಾತ್ರ ಯಾಕೆ ನಾಚಬೇಕು?

ಒಂದು ಮಾತು ಸ್ಪಷ್ಟವಾಗಿರಲಿ. ಕನ್ನಡ ಬಿಡಿ, ಬ್ಯಾರಿ ಬಿಡಿ ಎಂದು ನಾವು ಹೇಳುತ್ತಿಲ್ಲ. ಮೇಲೆ ನೋಡಿದಂತೆ, ಕನ್ನಡ ಚೆನ್ನಾಗಿ ಗೊತ್ತಿರುವ ಮಗುವಿಗೆ ‘ಮಾಡುತ್ತೇನೆ’, ‘ಮಾಡುತ್ತಿದ್ದೇನೆ’ ಎಂಬ ವ್ಯತ್ಯಾಸ ತೋರಿಸಿಯೇ ಇಂಗ್ಲಿಷ್ ಕಲಿಸಬಹುದು. ಮನೆಮಾತು ಕಸಿದುಕೊಂಡು ಇಂಗ್ಲಿಷ್ ತುಂಬಿಸಿದರೆ ಎರಡೂ ನಿಲ್ಲುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೌಲಾನಾ ಆಝಾದ್ ಮಾದರಿ ಶಾಲೆಗಳಲ್ಲಿ 6ನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ. ದಾರಿ ತೆರೆದಿದೆ. ಆದರೆ ಕನ್ನಡ ಮಾಧ್ಯಮದಲ್ಲಿ 5 ಮುಗಿಸಿದ ಮಗುವನ್ನು ಜೂನ್ ತಿಂಗಳಲ್ಲಿ ಏಕಾಏಕಿ ಇಂಗ್ಲಿಷ್ ಮಾಧ್ಯಮದಲ್ಲಿ ಕೂರಿಸಿದರೆ ಮೊದಲ ತಿಂಗಳೇ ಅದು ಮುಗ್ಗರಿಸುತ್ತದೆ. ಅದಕ್ಕೆ ಮುಂಚೆ ಏಪ್ರಿಲ್, ಮೇ ರಜೆ ಇದೆಯಲ್ಲ? ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮದ್ರಸದ ಒಂದು ಕೋಣೆಯನ್ನು ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಇದಕ್ಕೆ ಬಿಟ್ಟುಕೊಡಿ. ಖುರ್‌ಆನ್ ಪಾಠದ ಹೊತ್ತಿಗೆ ಕೈ ಹಾಕುವುದು ಬೇಡ. ನಮ್ಮ ಮೊಹಲ್ಲಾಗಳಲ್ಲಿ ಪಿಯುಸಿ, ಡಿಗ್ರಿ ಓದಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಕರೆಯಿರಿ, ಕೈಗೊಂದಿಷ್ಟು ಗೌರವಧನ ಕೊಡಿ. ವಾರ್ಷಿಕೋತ್ಸವದ ಫ್ಲೆಕ್ಸ್‌ಗೆ ಹಾಕುವ ದುಡ್ಡಿನಲ್ಲಿ ಇದು ಆಗುತ್ತದೆ.

ಆ ಹುಡುಗಿ ಏನಾದಳು ಎಂದು ಓದುಗರು ಕೇಳಬಹುದು. ವಾರವಿಡೀ ಮದ್ರಸ ಬಿಟ್ಟ ಮೇಲೆ ಹತ್ತು ನಿಮಿಷ ಕೂತಳು. ‘ಮೈ ಫಾದರ್ ಗೋಸ್ ಟು ಹಿಸ್ ಶಾಪ್. ಹಿ ಸೆಲ್ಸ್ ಕ್ಲೋತ್ಸ್’ ಎಂದು ನಾಲ್ಕೈದು ಸಲ ಹೇಳಿದಳು. ಸೋಮವಾರ ಶಾಲೆಗೆ ಹೋದಳು. ಎಲ್ಲವೂ ಸರಿಯಾಯಿತು ಎಂದು ಹೇಳಲು ನಾವು ತಯಾರಿಲ್ಲ. ಇನ್ನೂ ತಪ್ಪುತ್ತಾಳೆ, ಇನ್ನೂ ಕೆಲವರು ನಗುತ್ತಾರೆ. ಆದರೆ ಹೋಗುತ್ತಿದ್ದಾಳೆ.

ಅವಳ ಉಪ್ಪ ಮೊನ್ನೆ ಜುಮಾ ಮುಗಿದ ಮೇಲೆ ಸಿಕ್ಕಿದರು. ‘ಎಸ್ಸೆಸ್ಸೆಲ್ಸಿವರೆಗೆ ನೋಡೋಣ ಉಸ್ತಾದರೇ’ ಎಂದರು. ಅವರಿಗೂ, ಈ ಪುಟ ಓದುವ ಎಲ್ಲ ಉಪ್ಪಂದಿರಿಗೂ ನಾವು ಹೇಳುವುದು ಇದು. ‘ಮೈ ಡಾಟರ್ ಗೋಸ್ ಟು ಕಾಲೇಜ್’ ಎಂಬ ವಾಕ್ಯವನ್ನು ಕಲಿಯಲು ನಿಮಗೆ ಐದು ನಿಮಿಷ ಸಾಕು. ಸಾಮಾನ್ಯ ವರ್ತಮಾನ ಎಂದರೆ ದಿನಾ ನಡೆಯುವ ಮಾತು ಎಂದು ಮೇಲೆ ಹೇಳಿದೆವು. ಆ ವಾಕ್ಯ ವ್ಯಾಕರಣದಲ್ಲಿ ಸರಿಯಾಗಿದ್ದರೆ ಸಾಲದು, ನಿಮ್ಮ ಮನೆಯಲ್ಲಿ ನಿಜವೂ ಆಗಿರಬೇಕು. ಮಗಳು ದಿನಾ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೊರಡಬೇಕು. ‘ಎಸ್’ ಅನ್ನು ನಾವು ಕಲಿಸುತ್ತೇವೆ. ಅವಳನ್ನು ಕಳುಹಿಸುವುದು ನಿಮ್ಮ ಕೈಯಲ್ಲಿದೆ.